ಮೇಲ್ಮನೆ, ಕೆಳಮನೆ ನಡುವಿನ ಪಟ್ಟಿ

ಊರ ಹಿರಿಯ ತಮ್ಮಯ್ಯನವರು ತೀರಿಕೊಂಡರೆಂಬ ಸುದ್ದಿ ಸಂಸೆಯಲ್ಲಿ ಹರಡಿದ ಬೆಳಿಗ್ಗೆಯೇ ಸರ್ವೆಯರ್ ರಂಗನಾಥ ಬಸ್ಸಿಳಿದ. ಚಿಕ್ಕಮಗಳೂರಿನಿಂದ ಹೊಸದಾಗಿ ವರ್ಗವಾಗಿ ಬಂದವನು. ಜೊತೆಗೆ ಅಳತೆಯ ಸರಪಳಿ ಹಿಡಿಯುವ ಗೋಣಿಬೀಡಿನ ಮೊಹಿದ್ದೀನ್. ಎಪ್ಪತ್ತೊಂಬತ್ತರ ಡಿಸೆಂಬರ್, ಕಾಫಿ ಹಣ್ಣು ಕುಯ್ಯುವ ಕಾಲ. ಆದರೂ ತೋಟಗಳಲ್ಲಿ ಒಂದು ದನಿಯಿರಲಿಲ್ಲ.

ಮೇಲ್ಮನೆ, ಕೆಳಮನೆ ಎಂಬ ಎರಡು ಎಸ್ಟೇಟುಗಳ ನಡುವೆ ಮೂರು ಎಕರೆಯ ಪಟ್ಟಿಯೊಂದಿತ್ತು. ಅದು ಯಾರದ್ದೆಂದು ಇಪ್ಪತ್ತು ವರ್ಷದಿಂದ ತೀರ್ಮಾನವಾಗಿರಲಿಲ್ಲ. ಆ ಜಗಳಕ್ಕೆ ಸುತ್ತಿನ ಏಳು ಊರು ಎರಡು ಪಕ್ಷವಾಗಿ, ಹೆಣ್ಣು ಕೊಟ್ಟು ತರುವುದು ನಿಂತಿತ್ತು. ಅತ್ತ ಹೆರಿಗೆ ನೋವೆದ್ದರೆ ಇತ್ತಲಿನ ಸೂಲಗಿತ್ತಿ ಹೋಗುತ್ತಿರಲಿಲ್ಲ. ಎರಡೂ ಕಡೆ ಮಾತು ಹೊತ್ತು ತಿರುಗಿ, ಕತ್ತಿ ಮೇಲೇಳದಂತೆ ನೋಡಿಕೊಂಡವರು ತಮ್ಮಯ್ಯನವರೊಬ್ಬರೇ.

ಅವರ ಹೆಂಡತಿ ಶಿವಗಂಗಮ್ಮ ಸಾವಿನ ಮನೆಯ ಜಗಲಿಯಿಂದಲೇ ಕೈಮುಗಿದರು. “ಆ ಪಟ್ಟೀನ ಅಳೀಬೇಡಿ ಸ್ವಾಮಿ. ತಮಗೆ ಸಿಗದಿದ್ರೆ ಎದುರಿನವ್ರಿಗೂ ದಕ್ಕಬಾರ್ದು ಅಂತ ಎರಡೂ ಮನೆಯವ್ರು ಕದ್ದು ಮಂತ್ರದ ತಗಡು ಹೂತಿದ್ದಾರೆ. ನೆಲ ಯಾರ ಪಾಲಾಗುತ್ತೋ ಅವ್ರ ಮನೇಲಿ ದೀಪ ಹಚ್ಚೋರು ಉಳಿಯಲ್ಲ. ನಮ್ಮವ್ರು ರಾಜಿ ಮುಂದೆ ಹಾಕ್ತಾ ಬಂದಿದ್ದು ಅದಕ್ಕೇ.”

ರಂಗನಾಥ ನಕ್ಕ. “ದೆವ್ವ ಸಿಕ್ರೆ ಅದಕ್ಕೂ ಒಂದು ಸರ್ವೆ ನಂಬರ್ ಕೊಡ್ತೀನಿ ಬಿಡಿ ಅಮ್ಮಾ.”

“ಸಾರ್, ನಾಳೆ ಬರೋಣ,” ಎಂದ ಮೊಹಿದ್ದೀನ್.

“ಹೆದರ್ತೀಯಾ ಮಾರಾಯ?”

“ಹಂಗಲ್ಲ ಸಾರ್. ಮನೇಲಿ ಹೆಂಡ್ತಿ ಕುಲ್ಸುಮ್ ಒಬ್ಳೇ.”

“ಹಾಗಾದ್ರೆ ಬೇಗ ಮುಗಿಸು. ಸಂಜೆ ಬಸ್ಸಿಗೇ ಕಳಿಸ್ತೀನಿ.”

ಹಗಲು ಹನ್ನೆರಡಾದರೂ ಪಟ್ಟಿಯೊಳಗೆ ಮುಸ್ಸಂಜೆಯ ಕತ್ತಲು. ಕೊಳೆತ ಹಣ್ಣಿನ ಸಿಪ್ಪೆಯ ಹುಳಿನಾತ. ಅದರಡಿಯಲ್ಲಿ ಕೂದಲು ಸುಟ್ಟಂಥ ಕಮಟು. ಸರಪಳಿಯ ತುದಿ ಹಿಡಿದು ಮೊಹಿದ್ದೀನ್ ಮಂಜಿನೊಳಗೆ ನಡೆದ. ಮೊದಲು ಅವನ ಬೆನ್ನು ಕಾಣದಾಯಿತು, ಆಮೇಲೆ ಹೆಜ್ಜೆಯ ಸದ್ದೂ ಇಲ್ಲವಾಯಿತು.

“ಗೂಟ ಹೊಡಿ!” ರಂಗನಾಥ ಕೂಗಿದ.

“ಏನೋ ತಾಗ್ತು ಸಾರ್. ತಾಮ್ರದ ತಗಡು. ಎರಡಿದಾವೆ, ಒಂದಕ್ಕೊಂದು ಅಂಟ್ಕೊಂಡು.”

“ಕಿತ್ತು ಬಿಸಾಕು!”

ಸರಪಳಿ ತಾನಾಗಿ ಸರಿಯತೊಡಗಿತು. ಕೊಂಡಿಯ ಹಿಂದೆ ಕೊಂಡಿ ರಂಗನಾಥನ ಅಂಗೈಯಿಂದ ಜಾರಿತು. ಅದರ ಉದ್ದ ಅವನಿಗೆ ಗೊತ್ತಿತ್ತು. ಅಷ್ಟೂ ಹೋಯಿತು. ಆದರೂ ಮುಗಿಯಲಿಲ್ಲ. ಅಂಗೈ ಸುಟ್ಟಿತು. ಬಿಡಲು ನೋಡಿದ. ಬೆರಳು ಬಿಚ್ಚಲಿಲ್ಲ. “ಮೊಹಿದ್ದೀನ್!” ಮುಗ್ಗರಿಸಿದ. ಎದ್ದ. ಓಡಿದ.

ಮೊಹಿದ್ದೀನ್ ಅಂಗಾತ ಬಿದ್ದಿದ್ದ. ಕಣ್ಣು ತೆರೆದಿತ್ತು. ಬಾಯಿ ತುಂಬ ಕೆಂಪು ಮಣ್ಣು. ಮುಷ್ಟಿಯಲ್ಲಿ ಎರಡು ತಗಡು.

ರಂಗನಾಥನ ಚೀರಾಟಕ್ಕೆ ಮೇಲ್ಮನೆಯ ಯಜಮಾನ ದೇವರಾಜೇಗೌಡರೂ ಅವರ ಜನವೂ, ಕೆಳಮನೆಯ ಯಜಮಾನಿ ರುಕ್ಮಿಣಮ್ಮನೂ ಅವಳ ಜನವೂ ಕತ್ತಿ ಹಿಡಿದೇ ಓಡಿಬಂದರು. ಗೌಡರು ತಮ್ಮ ತಗಡು ಗುರುತಿಸಿದರು. ಅದಕ್ಕಂಟಿದ್ದ ಕೆಳಮನೆಯವರ ತಗಡನ್ನೂ ಕಂಡರು. ಮುಖ ಬಿಳಿಚಿತು.

“ಈ ಜಾಗ ನಮ್ಮದಲ್ಲ. ಬರ್ಕೊಳ್ಳಿ ಸರ್ವೆಯರ್ರೇ, ಕೆಳಮನೆಯವ್ರದ್ದೇ.”

“ಅಯ್ಯೋ ಹೌದೇ?” ರುಕ್ಮಿಣಮ್ಮನ ದನಿ ಸೀಳಿತು. “ಇಪ್ಪತ್ತು ವರ್ಷ ನಿಮ್ಮಪ್ಪನ ಆಸ್ತಿ ಅಂತಿದ್ರಲ್ಲ ಗೌಡ್ರೇ! ಇಟ್ಕೊಳ್ಳಿ. ನಮಗೆ ಬೇಡ.”

ಬೇಕೆಂದು ಹಿಡಿದು ಬಂದಿದ್ದ ಕತ್ತಿಗಳು ಬೇಡವೆಂದು ಮೇಲೆದ್ದವು. ನಡುವೆ ಮೊಹಿದ್ದೀನನ ಹೆಣ. “ಬರೀರಿ! ಬರೀರಿ!” ಎಂದು ಎರಡೂ ಕಡೆಯವರು ರಂಗನಾಥನ ಮೈಮೇಲೆ ಬಿದ್ದರು. ನೆಲದಲ್ಲಿ ಸರಪಳಿ ಮತ್ತೆ ಮಿಸುಕಿತು. ಒಮ್ಮೆ ಮೇಲ್ಮನೆಯತ್ತ, ಒಮ್ಮೆ ಕೆಳಮನೆಯತ್ತ ತುದಿ ಎತ್ತಿ ಕಾದಂತಿತ್ತು. ಯಾರ ಹೆಸರು ಬರೆದರೂ ಆ ಮನೆ ಮುಗಿಯಿತು. ಸುಟ್ಟ ಕೈಯಿಂದಲೇ ಪೆನ್ಸಿಲ್ ಹಿಡಿದು ಅವನು ನಕ್ಷೆಯ ಮೇಲೆ ಬರೆದ: ‘ಏಳು ಊರಿಗೂ ಸೇರಿದ ಸ್ಮಶಾನ. ಮಾಲೀಕರಿಲ್ಲ.’

ಸರಪಳಿ ಸುಮ್ಮನಾಯಿತು. ಅದೇ ಗಳಿಗೆಗೆ ಅವನ ಬಲಗೈ ಭುಜದಿಂದ ಕೆಳಗೆ ಸತ್ತು ಜೋತುಬಿತ್ತು. ಮತ್ತೆಂದೂ ಅದಕ್ಕೆ ಜೀವ ಬರಲಿಲ್ಲ.

ಮರುದಿನ ಕಳಸದಿಂದ ಮೌಲವಿ ಬಂದರು. ಎರಡೂ ಮನೆಯ ಆಳುಗಳು ಕೂಡಿ ಆ ಪಟ್ಟಿಯಲ್ಲೇ ಗುಂಡಿ ತೋಡಿದರು. ಕುಲ್ಸುಮ್ ಅಳಲಿಲ್ಲ. ರಂಗನಾಥನ ಎದುರು ನಿಂತು ಕೇಳಿದಳು: “ಅಳೆಯೋಕೆ ಬಂದವ್ರು ನೀವು. ಅವ್ರನ್ಯಾಕೆ ಮುಂದೆ ಕಳಿಸಿದ್ರಿ?”

ರಂಗನಾಥ ಗೋರಿಯತ್ತ ತಿರುಗಿದ. ಜೋಡಿಸಲು ಇನ್ನೊಂದು ಕೈ ಏಳದೆ, ಎಡಗೈಯನ್ನಷ್ಟೇ ಎದೆಗೊತ್ತಿಕೊಂಡು ಮಣ್ಣಿನ ಮುಂದೆ ಮಂಡಿಯೂರಿದ. ದೇವರೇ, ಯಾರ ಪಕ್ಷವನ್ನೂ ಸೇರದೆ ಯಾರದ್ದೋ ಹಗೆಗೆ ತುತ್ತಾದ ಈ ಮೊಹಿದ್ದೀನನನ್ನು ನಿನ್ನ ಬಳಿಗೆ ಕರೆದುಕೋ. ಅವನ ಜೀವಕ್ಕೆ ಶಾಂತಿ ಕೊಡು.