ಬರ್ತೀನಿ

ಎರಡನೇ ಜಡೆ ಅರ್ಧಕ್ಕೆ ಬಂದಾಗ ಫೋನು ಬಡಿದುಕೊಂಡಿತು. ಅವಳು ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮಗಳ ಕೂದಲನ್ನು ಒಂದು ಕೈಯಲ್ಲಿ ಹಿಡಿದೇ ಫೋನೆತ್ತಿದಳು. ಪ್ರಯೋಗಾಲಯದ ಹಿರಿಯ ಮೇಡಂ.

"ಇವತ್ತು ತಣ್ಣನೆ ಕೋಣೆಗೆ ನೀನೊಬ್ಬಳೇ ಹೋಗ್ಬೇಕಲ್ಲ. ಹೊರಗೆ ಬರುವಾಗ ಆ ಕಲ್ಲಿಗೆ 'ಬರ್ತೀನಿ' ಅಂತ ಮಾತ್ರ ಅನ್ನಬೇಡಮ್ಮ."

"ಕಲ್ಲಿಗೆ ಯಾರು ಹೇಳಿ ಹೊರಡ್ತಾರೆ ಮೇಡಂ?"

"ನನ್ನ ತಂಗಿ ಹೇಳಿದ್ದಳು."

ಫೋನಿಟ್ಟು ಅವಳು ನಕ್ಕಳು. ಆ ಕೆಲಸಕ್ಕೆ ಅವಳು ಹೊಸಬಳು.

"ಯಾಕಮ್ಮ ನಗ್ತೀಯ?"

"ನಮ್ಮ ಮೇಡಂಗೆ ಕಲ್ಲು ಕಂಡ್ರೆ ಭಯವಂತೆ ಕಣೇ ಗುಬ್ಬಿ."

"ನಂಗೆ ನಿನ್ನ ಬಾಚಣಿಗೆ ಕಂಡ್ರೆ ಭಯ."

"ಕಟ್ತಿರೋದು ಜಡೆನೋ, ಸೇತುವೆನೋ?" ಅಡುಗೆಮನೆಯಿಂದ ಗುಬ್ಬಿಯ ಅಪ್ಪನ ದನಿ. "ಹಾಲು ಆರಿಹೋಯ್ತು."

ಬಾಗಿಲಲ್ಲಿ ಎಂದಿನಂತೆ ಮಗಳ ಕೆನ್ನೆಗೆ ಮುತ್ತಿಟ್ಟು, "ಬರ್ತೀನಿ ಕಂದಾ" ಎಂದಳು. ಹೊರಡುವಾಗ 'ಹೋಗ್ತೀನಿ' ಅನ್ನಬಾರದೆಂದು ಅವಳ ತಾಯಿ ಚಿಕ್ಕಂದಿನಲ್ಲೇ ತಿದ್ದಿದ್ದಳು. ನಾಲಿಗೆಗೆ ಅಂಟಿಹೋದ ಮಾತು ಅದು.

ತಣ್ಣನೆ ಕೋಣೆಯ ಬಾಗಿಲ ಹೊರಗೆ ಹಿಮ್ಮಡಿ ಸವೆದ ಒಂದು ಜೊತೆ ಚಪ್ಪಲಿ ಧೂಳು ಹಿಡಿದು ಕೂತಿತ್ತು. ಅದನ್ನು ಯಾರೂ ಸರಿಸುತ್ತಿರಲಿಲ್ಲ. ಒಳಗೆ ಮೇಜಿನ ಮೇಲೆ ಆ ಕಲ್ಲು. ನೆಲದ ತೀರಾ ಆಳದಿಂದ ಕೊರೆದು ತೆಗೆದದ್ದು. ಭೂಮಿಯ ಮೇಲೆ ಹುಲ್ಲು ಮೊಳೆಯುವ ಮೊದಲೇ ಗಟ್ಟಿಯಾದದ್ದು. ಅದರೊಳಗೆ ಏನೋ ಸದ್ದಿತ್ತು. ತಂತಿ ಸಿಕ್ಕಿಸಿ ಆ ಸದ್ದನ್ನು ಕೇಳುವುದೇ ಅವಳ ಕೆಲಸ. ಕೋಣೆಯ ತುಂಬ ತುಕ್ಕಿನ ವಾಸನೆ, ಬಹಳ ಕಾಲ ಮುಚ್ಚಿದ್ದ ಬಾಯಿಯ ವಾಸನೆ. ಹೆಡ್‌ಫೋನಿನಲ್ಲಿ ನಿದ್ದೆ ಹೋದವರ ಉಸಿರಿನಂಥ ಗುಂಯ್‌ಗುಡುವಿಕೆ.

ಕೆಲಸ ಮುಗಿಸಿ ದೀಪ ಆರಿಸುವಾಗ ಮೇಡಂ ಮಾತು ನೆನಪಾಗಿ ಅವಳಿಗೆ ತುಂಟತನ ಬಂತು. ಕಲ್ಲನ್ನು ತಟ್ಟಿ, "ಸರಿ ಯಜಮಾನ್ರೇ, ಬರ್ತೀನಿ" ಎಂದಳು.

ಗುಂಯ್‌ಗುಡುವಿಕೆ ನಿಂತಿತು.

ಕತ್ತಲು. ಸ್ವಿಚ್ಚು ಒತ್ತಿದಳು. ದೀಪ ಹತ್ತಲಿಲ್ಲ. ಮೇಜಿನ ಮೇಲಿಟ್ಟ ಹೆಡ್‌ಫೋನಿನಿಂದ ಒಂದು ದನಿ ಬಂತು. ಅವಳದೇ ದನಿ.

"ಬಾ."

ಕಾಲಿಗೆ ಏನೋ ಸುತ್ತಿಕೊಂಡಿತು. ನೂಲಿನಷ್ಟು ಸಣ್ಣದು. ಮಂಜಿನಷ್ಟು ತಣ್ಣಗಿತ್ತು. ಎಳೆಯಿತು. ಅವಳು ಗೋಡೆ ತಡಕಿದಳು. ಬಾಗಿಲು ಸಿಗಲಿಲ್ಲ. ಮತ್ತೆ ಎಳೆಯಿತು. ಬಾಗಿಲು ಸಿಕ್ಕಿತು. ಓಡಿದಳು.

ಹೊರಗೆ ಮೇಡಂ ನಿಂತಿದ್ದರು. ಅವಳ ಕಣಕಾಲಿನ ಸುತ್ತ ಮೂಡಿದ್ದ ಕಪ್ಪು ಗೆರೆಯನ್ನು ನೋಡಿ ಗೋಡೆಗೆ ಒರಗಿದರು.

"ಅಂದುಬಿಟ್ಟೆಯಾ?"

"ತಮಾಷೆಗೆ ಮೇಡಂ..."

"ಅದಕ್ಕೆ ತಮಾಷೆ ಗೊತ್ತಿಲ್ಲ. ನಮಗೆ ಬರ್ತೀನಿ ಅಂದ್ರೆ ಹೊರಟೆವು ಅಂತ. ಅದು ಮಾತ್ರ, ತನ್ನ ಹತ್ರ ವಾಪಸ್ ಬರ್ತೀನಂತ ಮಾತು ಕೊಟ್ಟೆ ಅಂದ್ಕೊಳ್ಳುತ್ತೆ. ನೀನು ಹೋಗದಿದ್ರೆ ಅದೇ ಎದ್ದು ಬರುತ್ತೆ. ತೀರದೇ ಉಳಿದ ಮಾತೇ ಅದಕ್ಕೆ ದಾರಿ. ಪ್ರಪಂಚದಲ್ಲಿ ಬರ್ತೀನಿ ಅಂತ ಕಾಯಿಸದೇ ಇರೋರು ಯಾರಿದ್ದಾರೆ ಹೇಳು. ಮನೆಯಿಂದ ಮನೆಗೆ ಹೋಗುತ್ತೆ. ಒಬ್ಬರೂ ಉಳಿಯೋಲ್ಲ."

"ನಿಮ್ಮ ತಂಗಿ?"

"ಹೆದರಿ ಕೆಲವು ದಿನ ಮನೆಯಲ್ಲೇ ಉಳಿದಳು. ಅವಳ ಗಂಡ, ಪಕ್ಕದ ಮನೆಯವರು, ಇಡೀ ಬೀದಿ... ಎಲ್ಲರಿಗೂ ಉಸಿರಿತ್ತು. ಮೈಯೊಳಗೆ ಯಾರೂ ಇರಲಿಲ್ಲ. ಆಮೇಲೆ ತಾನೇ ಬಂದು ಕೋಣೆ ಹೊಕ್ಕಳು, ಮತ್ತೆ ಹೊರಗೆ ಬರಲಿಲ್ಲ. ಅದು ಮಲಗಿತು." ಮೇಡಂ ಬಗ್ಗಿ ಚಪ್ಪಲಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. "ಬೆಳಿಗ್ಗೆ ಮಗುವಿಗೆ ಬರ್ತೀನಿ ಅಂದಿರ್ತೀಯ. ಹೋಗಿ ಆ ಮಾತು ತೀರಿಸಿ ಬಾ. ನಾಳೆ ಇಲ್ಲಿಗೆ ಹೊರಡುವಾಗ ಹೊಸ ಮಾತು ಕೊಡಬೇಡ. ಕೊಟ್ರೆ, ಆ ಮಾತು ಹಿಡಿದು ಅದು ಮಗುವಿನವರೆಗೆ ನಡ್ಕೊಂಡು ಬರುತ್ತೆ."

ಆಗಲೂ ಅವಳು ಪೂರ್ತಿ ನಂಬಲಿಲ್ಲ. ಸಂಜೆ ಬಚ್ಚಲಲ್ಲಿ ಕಾಲುಜ್ಜುತ್ತ ಕೂತಳು. ಗೆರೆ ಹೋಗಲಿಲ್ಲ. ಗುಬ್ಬಿ ಬಂದು, "ಇದೇನಮ್ಮ?" ಎಂದು ಬೆರಳಿಟ್ಟಳು. ಆ ಪುಟ್ಟ ಗಂಟಲಿನೊಳಗಿಂದ, ತುಟಿ ಅಲ್ಲಾಡದೆ, ಅದೇ ಗುಂಯ್‌ಗುಡುವಿಕೆ ಹೊರಟಿತು. ತುಕ್ಕಿನ ವಾಸನೆ ಬಂತು. ಅವಳು ಮಗಳ ಕೈಯನ್ನು ಗೆರೆಯಿಂದ ಎಳೆದು ದೂರ ಸರಿಸಿದಳು. ಸದ್ದು ನಿಂತಿತು. ಅಮ್ಮ ಸಿಟ್ಟಾದಳೆಂದು ಗುಬ್ಬಿ ಮುಖ ಊದಿಸಿಕೊಂಡಳು.

ಬೆಳಿಗ್ಗೆ ಎರಡೂ ಜಡೆ ಹಾಕಿದಳು. ಬಿಚ್ಚಿದಳು. ಮತ್ತೆ ಮೊದಲಿನಿಂದ ಹೆಣೆದಳು.

"ಇವತ್ತು ಸೇತುವೆ ಕೆಡವಿ ಕಟ್ತಿದ್ದೀಯಲ್ಲ" ಎಂದ ಗಂಡ.

"ನೀವೂ ಕಲ್ತುಕೊಳ್ಳಿ. ನೋಡಿ, ಮೂರು ಎಳೆ. ಬಿಗಿಯಾಗಿ ಹಿಡೀರಿ, ಆದ್ರೆ ನೋವಾಗ್ಬಾರ್ದು."

ಅವನು ನಗುತ್ತ ಹೆಣೆದ. ಜಡೆ ಸೊಟ್ಟಗಾಯಿತು. ಗುಬ್ಬಿ ಎಂದಿನಂತೆ ದೂರಲಿಲ್ಲ. ಏನನ್ನೋ ಕೇಳಬೇಕೆಂದು ಬಾಯಿ ತೆರೆದಳು, ಅಮ್ಮನ ಮುಖ ನೋಡಿ ರಿಬ್ಬನ್ನನ್ನು ಅಪ್ಪನ ಕೈಗಿಟ್ಟಳು.

ಬಾಗಿಲಲ್ಲಿ ಅವಳು ಮಗಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ನೆತ್ತಿಯ ಎಣ್ಣೆಯ ವಾಸನೆಯನ್ನು ಉಸಿರು ತುಂಬ ಎಳೆದುಕೊಂಡಳು. ಆ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂತು. ನಾಲಿಗೆ ಕಚ್ಚಿದಳು. ಬಾಯಲ್ಲಿ ರಕ್ತದ ರುಚಿ. ತಿರುಗಿದಳು. ಮೆಟ್ಟಿಲಿಳಿದಳು. ಕಣಕಾಲಿನ ಗೆರೆ ನೂಲಿನಂತೆ ಮೆಲ್ಲಗೆ ಮುಂದಕ್ಕೆ ಎಳೆಯಿತು.

ಹಿಂದೆ ಪುಟ್ಟ ಹೆಜ್ಜೆಗಳು ಹೊಸ್ತಿಲವರೆಗೆ ಓಡಿಬಂದು ನಿಂತವು.

"ಅಮ್ಮಾ," ಎಂದಳು ಗುಬ್ಬಿ, "ಬರ್ತೀಯಲ್ವಾ?"