ಯಾರೂ ಕೂರದ ಕುರ್ಚಿ

ಊಟ ಮುಗಿಸಿ ಬಂದವಳಿಗೆ ತನ್ನ ಮೇಜಿನ ಪಕ್ಕ ಒಂದು ಕುರ್ಚಿ ಕಂಡಿತು. ಎತ್ತರದ ಕಾಲು, ಬೆನ್ನಿಗೆ ಮೆತ್ತೆ, ಹೊಚ್ಚ ಹೊಸದು. ಅವಳು ಎರಡು ಹೆಜ್ಜೆ ದೂರದಲ್ಲೇ ನಿಂತಳು.

ಆ ಗಾರ್ಮೆಂಟ್ಸಿನ ಕಟಿಂಗ್ ಹಾಲಿನಲ್ಲಿ ಎಲ್ಲರೂ ನಿಂತೇ ಕೆಲಸ ಮಾಡುವವರು. ಹಿಂದಿನ ಮ್ಯಾನೇಜರ್ ಯಾರನ್ನಾದರೂ ಕೆಲಸದಿಂದ ತೆಗೆಯುವ ಮುಂಚೆ ಒಳಗೆ ಕರೆದು, ಕುರ್ಚಿ ತೋರಿಸಿ, ಆರೋಗ್ಯ ಹೇಗಿದೆಯೆಂದು ಕೇಳಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರು. ಕೂತವರು ಮರುದಿನ ಬರುತ್ತಿರಲಿಲ್ಲ. ಮ್ಯಾನೇಜರ್ ಹೋದರು, ಮಾಲೀಕರು ಬದಲಾದರು, ಗೋಡೆಗೆ ಹೊಸ ಬಣ್ಣವೂ ಬಂತು. ಕುರ್ಚಿ ಕೊಟ್ಟರೆ ಕೆಲಸ ಹೋಯಿತು ಎಂಬ ಮಾತು ಮಾತ್ರ ಹಾಲಿನಲ್ಲಿ ಹಾಗೇ ಉಳಿಯಿತು.

ಅವಳ ಅಕ್ಕನೇ ಒಮ್ಮೆ ಹಾಗೆ ಕೂತು, ಬೆನ್ನುನೋವು ಇರುವುದು ನಿಜ ಸಾರ್ ಎಂದು ಬಾಯಿಬಿಟ್ಟವಳು. ಈಗ ಮನೆಯಲ್ಲಿ ನೆರೆಹೊರೆಯವರ ಬಟ್ಟೆಗೆ ಜಿಪ್ ಹಾಕುತ್ತ ಕಾಲ ತಳ್ಳುತ್ತಿದ್ದಳು. ಮನೆ ನಡೆಯುವುದು ತಂಗಿಯ ಸಂಬಳದಲ್ಲಿ. ತಂಗಿಯನ್ನು ಹಾಲಿನವರು ಕತ್ತರಿ ಎಂದು ಕರೆಯುತ್ತಿದ್ದರು. ಕೈಯಲ್ಲಿರುವುದಕ್ಕೋ, ಬಾಯಲ್ಲಿರುವುದಕ್ಕೋ, ಯಾರೂ ಬಿಡಿಸಿ ಹೇಳಿರಲಿಲ್ಲ.

ಕುರ್ಚಿ ಇಟ್ಟವರು ಯಾರೆಂದು ಕೇಳಬೇಕಾಗಿರಲಿಲ್ಲ. ಹೊಸ ಮಾಲೀಕರು ನೌಕರರ ಯೋಗಕ್ಷೇಮಕ್ಕೆಂದೇ ಒಬ್ಬ ಆಫೀಸರನ್ನು ತಂದಿದ್ದರು. ದಿನಾ ಹಾಲಿಗೆ ಬಂದು ಪ್ರತಿಯೊಬ್ಬರನ್ನೂ ಹೇಗಿದ್ದೀರಿ ಎಂದು ಕೇಳುವ ಆತನಿಗೆ ಬಂದ ವಾರದಲ್ಲೇ ಕ್ಷೇಮಸಮಾಚಾರ ಎಂಬ ಹೆಸರು ಬಿದ್ದಿತ್ತು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಅಕ್ಕ ಎಚ್ಚರಿಸಿದ್ದಳು.

ಹೋದ ವಾರ ಆತ ಮೇಜಿನ ಹತ್ತಿರ ನಿಂತು, ಭುಜ ನೋಯುತ್ತಿದೆಯಾ ಎಂದು ಮೆಲ್ಲಗೆ ಕೇಳಿದ್ದ. ಕುಂಬಳಕಾಯಿ ಕಳ್ಳನ ಹಾಗೆ ಅವಳ ಕೈ ತಾನಾಗಿ ಹೆಗಲಿಗೆ ಹೋಗಿತ್ತು. ಇಲ್ಲವೇ ಇಲ್ಲ ಎಂದಿದ್ದಳು. ಮುಂದೆ ಏನಾಗಬೇಕೆಂದು ಆಸೆ ಎಂದೂ ಕೇಳಿದ್ದ. ಉಡುಪಿನ ಅಳತೆಯ ಅಚ್ಚು ಬರೆಯುವ ಪ್ಯಾಟರ್ನ್ ಮಾಸ್ಟರ್ ಆಗಬೇಕು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

"ಮುಂದೆ ಮನೆಗೆ ಹೋಗ್ಬೇಕು ಸಾರ್. ಬಸ್ಸು ತಪ್ಪುತ್ತೆ," ಎಂದಿದ್ದಳು.

ಆತ ನಕ್ಕಿದ್ದ. ತಿರುಗಿದಾಗ ಅಂಗಿಯ ಕಾಲರು ಹಿಂದೆ ಒಂದು ಕಡೆ ಎದ್ದು ನಿಂತಿತ್ತು. ದಿನವೂ ಹಾಗೇ. ಅದನ್ನು ಮಡಿಸಿ ಕೂರಿಸಲು ಅವಳ ಬೆರಳು ತುರಿಸುತ್ತಿತ್ತು. ತುರಿಸಿದ್ದಕ್ಕೆ ಬೆರಳಿನ ಮೇಲೇ ಸಿಟ್ಟು ಬಂದಿತ್ತು.

ಈಗ ಕುರ್ಚಿಯನ್ನು ಬಟ್ಟೆಯ ಥಾನುಗಳ ಹಿಂದೆ ತಳ್ಳಿದಳು. ಬೆಳಿಗ್ಗೆ ಅದು ಮತ್ತೆ ಮೇಜಿನ ಪಕ್ಕದಲ್ಲಿತ್ತು. ಮತ್ತೆ ತಳ್ಳಿದಳು, ಮತ್ತೆ ಬಂತು. ಆತ ಸುಮ್ಮನೆ ಹಾದುಹೋಗುವಾಗ ಮೊದಲು ಕುರ್ಚಿಯನ್ನು, ಆಮೇಲೆ ಅವಳನ್ನು ನೋಡಿ, ತುಟಿಯ ಅಂಚಿನಲ್ಲಿ ನಗು ಹಿಡಿದಿಟ್ಟುಕೊಂಡು ಮುಂದೆ ಸಾಗುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೂ ಆತ ಬರುವುದು ತಡವಾದರೆ ಈ ಇಲಿಯ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು.

ಕತ್ತರಿಸಿದ ತುಂಡುಗಳನ್ನು ಕಟ್ಟುವ ಕಂತೆ ಮಾಮ ಒಂದು ಸಂಜೆ ಸುದ್ದಿ ತಂದ. ಹಾಲಿನವರ ವಿಷಯವೆಲ್ಲ ಕ್ಷೇಮಸಮಾಚಾರನ ಕೈಯಲ್ಲೇ ಇದೆಯಂತೆ, ಇವಳದನ್ನು ಮಾತ್ರ ಆಫೀಸಿನ ಮೇಡಂಗೆ ಒಪ್ಪಿಸಿದ್ದಾನಂತೆ. ನಾಳೆ ಮೇಡಂ ಕರೆಯುತ್ತಾರಂತೆ. ಹೇಳಿ ಮುಗಿಸಿದ ಮಾಮ ಅವಳ ಮುಖ ನೋಡಲಾರದೆ ಗಂಟು ಬಿಗಿಯತೊಡಗಿದ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಾನು ಬಡಕೊಳ್ಳಲಿಲ್ಲವಾ, ಎಂದಳು ಅಕ್ಕ ಮನೆಯಲ್ಲಿ. ಕೆಲಸ ಹೋಗುತ್ತದೆಂಬ ಭಯಕ್ಕಿಂತ ಆತ ಅದನ್ನು ಎದುರಿಗೆ ಹೇಳಲಿಲ್ಲವಲ್ಲ ಎಂಬುದೇ ತಂಗಿಯನ್ನು ಹೆಚ್ಚು ನೋಯಿಸಿತು.

ಮರುದಿನ ಅವಳು ಕುರ್ಚಿಯನ್ನು ಕರಕರ ಎಳೆಯುತ್ತ, ಇಡೀ ಹಾಲು ನೋಡುತ್ತಿರುವಂತೆಯೇ ಆತನ ಕೋಣೆಗೆ ನುಗ್ಗಿದಳು.

"ತೆಗೆಯೋದಾದ್ರೆ ನೀವೇ ಹೇಳಿ ಸಾರ್. ಮೇಡಂ ಬಾಯಲ್ಲಿ ಹೇಳಿಸ್ಬೇಡಿ."

"ಯಾರನ್ನ ತೆಗೆಯೋದು?"

ಅವಳು ಕುರ್ಚಿಯ ಕಥೆ ಹೇಳಿದಳು, ಅಕ್ಕನ ಕಥೆಯನ್ನೂ. ಕೇಳುತ್ತ ಕೇಳುತ್ತ ಆತನ ಕಿವಿ ಕೆಂಪಾಯಿತು. ಇಷ್ಟು ದಿನ ತಾನು ಏನು ಮಾಡುತ್ತಿದ್ದೆ ಎಂದು ತಿಳಿದು ಹಣೆ ಹಿಡಿದುಕೊಂಡ. ಮಧ್ಯಾಹ್ನದ ಮೇಲೆ ಅವಳು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದನ್ನು ನೋಡಲಾರದೆ ತರಿಸಿದ ಕುರ್ಚಿ ಅದು ಎಂದ. ಅವಳು ತಳ್ಳುವುದು ಬರೀ ಹಟವೆಂದುಕೊಂಡಿದ್ದನಂತೆ. ಅವಳು ನಂಬಲಿಲ್ಲ. ಸುಳ್ಳು ಎಲ್ಲಿ ಅಡಗಿದೆಯೋ ಎಂದು ಆತನ ಮುಖವನ್ನೆಲ್ಲ ಹುಡುಕಿದಳು.

"ಮತ್ತೆ ನನ್ನೊಬ್ಬಳನ್ನೇ ಮೇಡಂಗೆ ಯಾಕೆ ಒಪ್ಪಿಸಿದ್ರಿ?"

"ಪ್ಯಾಟರ್ನ್ ಟ್ರೈನಿಂಗಿಗೆ ಹಾಲಿನಿಂದ ಒಬ್ಬರನ್ನ ಕಳಿಸ್ಬೇಕು. ಯಾರು ಅಂತ ನಾನು ಹೇಳ್ಬೇಕಿತ್ತು. ನಿಮ್ಮ ವಿಷಯದಲ್ಲಿ ನನ್ನಿಂದಾಗಲ್ಲ." ಆತ ಕಿಟಕಿಯ ಕಡೆ ನೋಡಿದ. "ಮೇಡಂ ಆದ್ರೆ ನಿಮ್ಮ ಕೆಲಸ ನೋಡ್ತಾರೆ. ನಾನು ನಿಮ್ಮನ್ನ ನೋಡ್ತೀನಿ."

ಕತ್ತರಿ ಕುರ್ಚಿಯ ಮೆತ್ತೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇದಕ್ಕೆ ನೀವು ಉತ್ತರ ಕೊಡ್ಬೇಕು ಅಂತೇನಿಲ್ಲ. ಕೊಟ್ರೂ ಕೊಡದಿದ್ರೂ ನಿಮ್ಮ ಕೆಲಸಕ್ಕೆ ಏನೂ ಆಗಬಾರ್ದು. ಅದಕ್ಕೇ ಮೊದಲು ಕೈ ತೊಳ್ಕೊಂಡೆ."

ಅವಳು ಕುರ್ಚಿಯನ್ನು ಅಲ್ಲೇ ಬಿಟ್ಟು ಮೇಡಂ ಹತ್ತಿರ ಹೋದಳು. ಅಲ್ಲೂ ಒಂದು ಕುರ್ಚಿ. ಮೇಡಂ ಕೂರಲು ಹೇಳಿದರು. ಅಕ್ಕ ಕಣ್ಣ ಮುಂದೆ ಬಂದಳು, ಕಾಲು ಬಾಗಿಲ ಕಡೆ ಎಳೆಯಿತು. ಎರಡು ಕ್ಷಣ ನಿಂತಿದ್ದು, ದೇವರ ಮೇಲೆ ಭಾರ ಹಾಕಿ ಕೂತಳು. ಭುಜ ನೋಯುತ್ತದೆ ಎಂದಳು. ಪ್ಯಾಟರ್ನ್ ಮಾಸ್ಟರ್ ಆಗಬೇಕು ಎಂದೂ ಹೇಳಿಬಿಟ್ಟಳು.

ಮೇಡಂ ಅವಳು ಕತ್ತರಿಸಿದ ತುಂಡುಗಳನ್ನು ಆಗಲೇ ತರಿಸಿ ಒಂದರ ಮೇಲೊಂದು ಇಟ್ಟು ನೋಡಿದ್ದರು. ಟ್ರೈನಿಂಗಿಗೆ ನೀನೇ, ಮೊದಲು ಭುಜಕ್ಕೆ ಡಾಕ್ಟರನ್ನು ನೋಡು, ಎಂದರು. ಅವಳು ಎದ್ದು ಬರುವಾಗ ಯಾರೂ ಬ್ಯಾಗು ತೆಗೆದುಕೊಂಡು ಹೋಗು ಎನ್ನಲಿಲ್ಲ. ಅಷ್ಟಕ್ಕೇ ಅವಳ ಕಣ್ಣು ತುಂಬಿತು.

ಸಂಜೆ ಗಂಟೆ ಹೊಡೆದ ಮೇಲೆ ಆತ ಹಾಲಿಗೆ ಬಂದ, ಕುರ್ಚಿಯನ್ನು ಹೊತ್ತುಕೊಂಡೇ. ಇನ್ನು ಮೇಲೆ ಕೇಳದೆ ಇಡುವುದಿಲ್ಲ, ಎಲ್ಲಿಡಲಿ ಎಂದು ಕೇಳಿದ. ಅವಳು ಅದನ್ನು ಇಸಿದುಕೊಂಡು ಆತನ ಮುಂದೆಯೇ ಇಟ್ಟಳು.

"ಕೂತ್ಕೊಳ್ಳಿ."

ಕಂತೆ ಮಾಮನ ಕೈಯಲ್ಲಿ ದಾರ ಅಲ್ಲೇ ನಿಂತಿತು. ಆತ ಕುರ್ಚಿಯನ್ನೂ ಅವಳನ್ನೂ ನೋಡಿದ.

"ನನ್ನ ಕೆಲಸ ಹೋಯ್ತಾ?"

"ಹೋಯ್ತು. ನನ್ನ ಕ್ಷೇಮ ಇನ್ನು ಮೇಡಂ ನೋಡ್ಕೋತಾರೆ. ನಿಮ್ಮದನ್ನ ಯಾರು ನೋಡ್ಕೋತಾರೆ?"

ಊರಿಗೆಲ್ಲ ಹೇಗಿದ್ದೀರಿ ಎನ್ನುವವನು ನಗುತ್ತ ಕುರ್ಚಿಯಲ್ಲಿ ಕೂತ. ಅವಳು ಹಿಂದಿನಿಂದ ಬಂದು, ಎದ್ದು ನಿಂತಿದ್ದ ಕಾಲರನ್ನು ಮಡಿಸಿ ಬೆರಳಿನಿಂದ ತೀಡಿ ಕೂರಿಸಿದಳು.

"ನಾಳೆ ಮನೆಗೆ ಬನ್ನಿ," ಎಂದಳು. "ಅಕ್ಕನಿಗೂ ನಿಮ್ಮ ಮೇಲೆ ಅನುಮಾನ ಇದೆ."