ಬುಷ್ರಾಳ ಬಲಗಣ್ಣು

"ಮಿಸ್, ಮಿಸ್! ಬುಷ್ರಾ ಅಳ್ತಾವ್ಳೆ!"

ಕೂಗಿದ್ದು ಫೈಜಾನ್. ಐದನೇ ಕ್ಲಾಸಿನ ಮಕ್ಕಳೆಲ್ಲ ಊಟದ ಡಬ್ಬಿ ಬಿಟ್ಟು ತಿರುಗಿದರು. ಇನ್ನೊಬ್ಬರು ಅಳುವುದನ್ನು ನೋಡುವುದೆಂದರೆ ಯಾರಿಗೆ ತಾನೇ ಆಸೆಯಿಲ್ಲ!

ಅದರಲ್ಲೂ ಬುಷ್ರಾ ಅಳುವುದೆಂದರೆ! ಅವಳ ಕಣ್ಣಲ್ಲಿ ನೀರೇ ಬರುವುದಿಲ್ಲವೆಂದು ಚಿಂತಾಮಣಿಯ ಆ ಸ್ಕೂಲಿಗೆಲ್ಲ ಗೊತ್ತಿತ್ತು. ಒಂದನೇ ಕ್ಲಾಸಿಗೆ ಸೇರಿದ ವರ್ಷ ಯಾವುದೋ ಮಾತ್ರೆ ಮೈಗೆ ಒಗ್ಗದೆ, ಮೈತುಂಬ ಬೊಬ್ಬೆ ಎದ್ದು, ಕೊನೆಗೆ ಕಣ್ಣೀರು ಬತ್ತಿಹೋಗಿತ್ತು. ಆಗಿನಿಂದ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ. ಅರ್ಧ ಗಂಟೆಗೊಮ್ಮೆ ಡ್ರಾಪ್ಸ್ ಹಾಕಲೇಬೇಕು. ಹಾಕುತ್ತಿದ್ದವಳು ಪಕ್ಕದಲ್ಲಿ ಕೂರುವ ಚೈತನ್ಯ. ಪಾಠದ ಮಧ್ಯೆಯೇ "ತಲೆ ಎತ್ತೇ" ಎಂದು ಪಿಸುಗುಟ್ಟಿ, ಒಂದು ಹನಿ ಈ ಕಣ್ಣಿಗೆ, ಒಂದು ಹನಿ ಆ ಕಣ್ಣಿಗೆ.

ಬಿದ್ದು ಮಂಡಿ ತರಚಿಕೊಂಡರೂ ಬುಷ್ರಾಳಿಗೆ ಯಾರೂ "ಅಯ್ಯೋ ಪಾಪ" ಅನ್ನುತ್ತಿರಲಿಲ್ಲ. ಕಣ್ಣಲ್ಲಿ ನೀರಿಲ್ಲವಲ್ಲ! "ಗಟ್ಟಿ ಹುಡುಗಿ ಬಿಡಪ್ಪ" ಎಂದು ಹೋಗಿಬಿಡುತ್ತಿದ್ದರು. ಅವಳಿಗೆ ಗಟ್ಟಿ ಹುಡುಗಿ ಆಗುವುದು ಒಂಚೂರೂ ಬೇಕಿರಲಿಲ್ಲ.

ಈಗ ನೋಡಿದರೆ ಬಲಗಣ್ಣು ತುಂಬಿದೆ! ತುಂಬಿದ್ದು ಉಕ್ಕಿ ಕೆನ್ನೆಯ ಮೇಲೆ ಇಳಿಯುತ್ತಿದೆ. ಎಡಗಣ್ಣು ಮಾತ್ರ ಎಂದಿನಂತೆ ಒಣಗಿಕೊಂಡೇ ಇದೆ.

ಬುಷ್ರಾ ಅಲುಗಾಡಲಿಲ್ಲ. ಕಿಟಕಿಯಾಚೆ ಅಂಬಾಜಿದುರ್ಗದ ಬೆಟ್ಟ ಕೆರೆಯೊಳಗಿನ ನೆರಳಿನಂತೆ ತೇಲಾಡುತ್ತಿತ್ತು. ಮಧ್ಯಾಹ್ನದ ಬಿಸಿಲು ಚುಚ್ಚುವುದನ್ನು ಬಿಟ್ಟು ಮೆತ್ತಗಾಗಿತ್ತು. ಕ್ಲಾಸಿನ ಗದ್ದಲ ಎಲ್ಲೋ ದೂರದಿಂದ ಕೇಳುತ್ತಿತ್ತು. ಹನಿ ಮೂಗಿನ ಪಕ್ಕದಲ್ಲಿ ಇಳಿದು ತುಟಿಯಂಚಿಗೆ ಬಂತು. ಅಬ್ಬ, ಎಷ್ಟು ಬೆಚ್ಚಗಿದೆ! ನಿಲ್ಲಬೇಡ, ಇನ್ನೂ ಬಾ, ಎಂದುಕೊಂಡಳು.

"ಏನಾಯ್ತೇ?" ಚೈತನ್ಯಾಳಿಗೆ ಗಾಬರಿ. ಅವಳ ಒಂದು ಕೈಯಲ್ಲಿ ಹಸಿ ಹುಣಸೇಕಾಯಿ, ಇನ್ನೊಂದು ಕೈಯಲ್ಲಿ ಉಪ್ಪುಖಾರದ ಪೊಟ್ಟಣ. ಈಗಷ್ಟೇ ಕಾಯನ್ನು ಖಾರದಲ್ಲಿ ಹೊರಳಿಸಿ ಬುಷ್ರಾಳ ಮೂಗಿನ ಮುಂದೆ ಹಿಡಿದಿದ್ದಳು.

ಲಕ್ಷ್ಮಿದೇವಮ್ಮ ಮಿಸ್ ಓಡಿ ಬಂದರು. ಬುಷ್ರಾಳ ಕಣ್ಣು ನೋಡಿದರು. ಚೈತನ್ಯಾಳ ಕೆಂಪು ಬೆರಳು ನೋಡಿದರು. ಇನ್ನೇನು ಕೇಳಬೇಕು?

"ಖಾರದ ಕೈಯಲ್ಲೇ ಡ್ರಾಪ್ಸ್ ಹಾಕಿದ್ಯಾ? ಬುದ್ಧಿ ಇದೆಯೇನೇ ನಿಂಗೆ? ಆಪರೇಷನ್ ಆಗಿರೋ ಕಣ್ಣಮ್ಮಾ ಅದು!"

"ಇಲ್ಲ ಮಿಸ್, ನಾನು ಮುಟ್ಟೇ ಇಲ್ಲ. ಬೇಕಾದ್ರೆ ಅವಳನ್ನೇ ಕೇಳಿ."

ಎಲ್ಲರೂ ಬುಷ್ರಾಳನ್ನು ನೋಡಿದರು.

ಬುಷ್ರಾಳಿಗೆ ಎಲ್ಲ ಗೊತ್ತಿತ್ತು. ಎರಡು ತಿಂಗಳ ಹಿಂದೆ ಬೆಂಗಳೂರಿನ ಡಾಕ್ಟರು ಅವಳ ಕೆಳತುಟಿಯ ಒಳಗಿಂದ ಜೊಲ್ಲು ಬರುವ ಜಾಗದ ಒಂದು ಚೂರು ತೆಗೆದು, ಬಲಗಣ್ಣಿನ ರೆಪ್ಪೆಯೊಳಗೆ ಇಟ್ಟು ಹೊಲಿದಿದ್ದರು. "ಇನ್ಮೇಲೆ ಕಣ್ಣೀರಿನ ಕೆಲಸ ಜೊಲ್ಲು ಮಾಡುತ್ತಮ್ಮ. ಹುಳಿ ನೋಡಿದ್ರೆ ಬಾಯಲ್ಲಿ ನೀರೂರುತ್ತಲ್ಲ, ಕಣ್ಣಲ್ಲೂ ಊರಬಹುದು" ಎಂದು ಹೇಳಿ ನಕ್ಕಿದ್ದರು.

ಅದನ್ನು ಇಲ್ಲಿ ಹೇಳುವುದೇ? ಸಂಜೆಯೊಳಗೆ ಫೈಜಾನ್ ಒಂದು ಅಡ್ಡಹೆಸರು ಇಟ್ಟಿರುತ್ತಾನೆ. ಅಲ್ಲದೆ, ಮಿಸ್ ತಮ್ಮ ಸೆರಗಿನಿಂದಲೇ ಅವಳ ಕೆನ್ನೆ ಒರೆಸುತ್ತಿದ್ದರು. ಹುಡುಗಿಯರು "ಅಯ್ಯೋ ಪಾಪ ಕಣೇ" ಎನ್ನುತ್ತಿದ್ದರು. ಎಷ್ಟು ಹಿತವಾಗಿತ್ತು! ಬುಷ್ರಾ ಬಾಯಿ ಬಿಡಲಿಲ್ಲ.

"ನಾಳೆ ಮನೆಯವರನ್ನ ಕರ್ಕೊಂಡು ಬಾ," ಎಂದರು ಮಿಸ್ ಚೈತನ್ಯಾಳಿಗೆ. "ಡ್ರಾಪ್ಸ್ ಇನ್ಮೇಲೆ ನಾನೇ ಹಾಕ್ತೀನಿ. ನೀನು ಹಿಂದಿನ ಬೆಂಚಿಗೆ ಹೋಗು."

ಚೈತನ್ಯ ಬ್ಯಾಗ್ ಎತ್ತಿಕೊಂಡಳು. ಬುಷ್ರಾಳನ್ನು ಒಂದು ಸಲ ನೋಡಿ, ಹಿಂದಕ್ಕೆ ಹೋದಳು.

ಊಟವಾದ ಮೇಲೆ ಮಿಸ್‌ಗೆ ಡ್ರಾಪ್ಸ್ ನೆನಪಾಗಲಿಲ್ಲ. ಅವರಿಗೂ ನೂರೆಂಟು ಕೆಲಸ. ಎಡಗಣ್ಣು ಉರಿಯತೊಡಗಿದಾಗ ಬುಷ್ರಾ ತಾನೇ ಹಾಕಿಕೊಳ್ಳಲು ಹೋದಳು. ಹನಿ ಮೂಗಿನ ಮೇಲೆ ಬಿತ್ತು.

ಸಂಜೆ ಮನೆಯಲ್ಲಿ ಅವಳ ಅಪ್ಪನ ಅಮ್ಮ, ವಜೀರುನ್ನೀಸಾ ದಾದಿಮಾ, ಕಥೆಯನ್ನೆಲ್ಲ ಕೇಳಿಸಿಕೊಂಡರು.

"ಆ ಹುಡುಗಿ ಕಣ್ಣು ಮುಟ್ಟಿದ್ಲಾ, ಬೇಟಾ?"

"ಇಲ್ಲ ದಾದಿಮಾ."

"ಅದನ್ನ ಮಿಸ್‌ಗೆ ಹೇಳಿದ್ಯಾ?"

ಬುಷ್ರಾ ಇಲ್ಲವೆಂದು ತಲೆಯಾಡಿಸಿದಳು. ದಾದಿಮಾ ಬೈಯಲಿಲ್ಲ. ಚಹಾ ಕುಡಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಬುಷ್ರಾಳಿಗೆ.

ಮರುದಿನ ಬೆಳಗ್ಗೆ ಕ್ಲಾಸಿನ ಬಾಗಿಲಲ್ಲಿ ಚೈತನ್ಯಾಳ ತಾತ ಆವಲಪ್ಪ ನಿಂತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಟವಲನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದಿದ್ದರು.

"ಚಿಕ್ಕ ಮಗು ಮೇಡಂ, ತಿಳೀದೆ ಮಾಡೈತೆ. ಅದರ ಪರವಾಗಿ ನಾನೇ ಕೈ ಮುಗೀತೀನಿ."

ಅಷ್ಟು ದೊಡ್ಡವರು ನಿಜವಾಗಿಯೂ ಕೈ ಮುಗಿದರು. ಬುಷ್ರಾಳಿಗೆ ಕೂರಲಾಗಲಿಲ್ಲ. ಎದ್ದೇಬಿಟ್ಟಳು.

"ಮಿಸ್, ಅದು ಖಾರ ಅಲ್ಲ. ಜೊಲ್ಲು."

"ಏನಂದೆ?"

ಬುಷ್ರಾ ಕೆಳತುಟಿಯನ್ನು ಎಳೆದು ಒಳಗಿನ ಹೊಲಿಗೆಯ ಗುರುತು ತೋರಿಸಿದಳು. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. "ಹುಣಸೇಕಾಯಿ ನೋಡಿ ಬಂತು ಮಿಸ್. ಚೈತನ್ಯ ಏನೂ ಮಾಡಿಲ್ಲ. ನಂಗೆ ನಿನ್ನೇನೇ ಗೊತ್ತಿತ್ತು."

"ಥೂ! ಕಣ್ಣಲ್ಲಿ ಉಗುಳಾ?" ಎಂದ ಫೈಜಾನ್. ಕ್ಲಾಸೆಲ್ಲ ಗೊಳ್ಳೆಂದಿತು. ಬುಷ್ರಾಳ ಕಿವಿ ಬಿಸಿಯಾಯಿತು. ಆದರೂ ಕೂರಲಿಲ್ಲ.

"ಬಾಯ್ಮುಚ್ಚೋ," ಎಂದು ಮಿಸ್ ಗದರಿದರು. ಆಮೇಲೆ ಆವಲಪ್ಪನವರ ಕಡೆ ತಿರುಗಿ, "ತಪ್ಪು ನಂದು ಯಜಮಾನ್ರೇ. ನಾನು ಸರಿಯಾಗಿ ಕೇಳ್ಬೇಕಿತ್ತು. ಚೈತನ್ಯಾ, ನಿನ್ನ ಜಾಗಕ್ಕೆ ಬಾಮ್ಮ" ಎಂದರು.

ಚೈತನ್ಯ ಬಂದಳು. ಆದರೆ ಇಬ್ಬರ ನಡುವೆ ಬ್ಯಾಗ್ ಇಟ್ಟು, ಅದರಾಚೆ ಕೂತಳು.

ಇಂಟರ್ವಲ್‌ನಲ್ಲಿ ವರಾಂಡದ ಮೆಟ್ಟಿಲ ಮೇಲೂ ದೂರವೇ ಕೂತಳು. ಹೊಂಗೆಯ ನೆರಳು ಅಂಗಳದಲ್ಲಿ ಮೆಲ್ಲಗೆ ಆಡುತ್ತಿತ್ತು. ಮಕ್ಕಳು ಆ ನೆರಳಿನೊಳಗೆ ಹೋಗಿ, ಮತ್ತೆ ಬೆಳಕಿಗೆ ಬರುತ್ತಿದ್ದರು.

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಎಲ್ರೂ ನಾನು ಅಳ್ತಾ ಇದೀನಿ ಅಂದ್ಕೊಂಡ್ರು. ಚೆನ್ನಾಗಿತ್ತು."

"ನಂಗೇನು ಚೆನ್ನಾಗಿತ್ತಾ? ಊರಿಂದ ಇಲ್ಲೀವರೆಗೂ ತಾತ ನನ್ನ ಜೊತೆ ಒಂದು ಮಾತೂ ಆಡ್ಲಿಲ್ಲ, ಗೊತ್ತಾ?"

ಬುಷ್ರಾಳಿಗೆ ಅಳು ಒತ್ತರಿಸಿ ಬಂತು. "ಸಾರಿ ಕಣೇ" ಎಂದಳು. ಈಗ ಬರಬೇಕಿತ್ತು ನೀರು, ಈಗ! ಒಂದೇ ಒಂದು ಹನಿ ಬಿದ್ದರೂ ಚೈತನ್ಯ ನಂಬುತ್ತಿದ್ದಳು. ಬಲಗಣ್ಣನ್ನು ಬಿಗಿಯಾಗಿ ಮುಚ್ಚಿ ತೆರೆದಳು. ಊಹೂಂ. ಬಾಯಿಯಿಂದ ಹೋದ ಆ ಚೂರಿಗೆ ಹುಳಿ ಗೊತ್ತು, ದುಃಖ ಗೊತ್ತಿಲ್ಲ.

ಚೈತನ್ಯ ಅವಳನ್ನೇ ನೋಡುತ್ತಿದ್ದಳು. ಹತ್ತಿರ ಸರಿದಳು.

"ಸಾಕು ಬಿಡೇ, ಅಳಬೇಡ."

ಬುಷ್ರಾ ಬೆರಗಾದಳು. "ನೀರೇ ಬಂದಿಲ್ವಲ್ಲೇ?"

"ನೀರ್ಯಾಕೆ ಬೇಕು? ಅಳು ಬಂದ್ರೆ ನಿನ್ನ ಮೂಗು ಕೆಂಪಗಾಗುತ್ತೆ. ಹೆಬ್ಬೆರಳು ಎರಡನ್ನೂ ಮುಷ್ಟಿಯೊಳಗೆ ಬಚ್ಚಿಡ್ತೀಯ. ಯಾವಾಗ್ಲೂ ಹಂಗೇನೇ."

ಬುಷ್ರಾ ತನ್ನ ಕೈ ನೋಡಿಕೊಂಡಳು. ಹೌದು, ಹೆಬ್ಬೆರಳು ಎರಡೂ ಒಳಗಿದ್ದವು. ಇಷ್ಟು ವರ್ಷ, ತಾನು ಅತ್ತಾಗಲೆಲ್ಲ, ಒಬ್ಬಳು ಪಕ್ಕದಲ್ಲೇ ಕೂತು ನೋಡಿದ್ದಳು.